ಮಾಂಸದಂಗಡಿ ರೆಮಿಯ ಕೊನೆಯ ರೇಸು

ರೆಮಿ: ಕಾಲಿಗೆ ಎಣ್ಣೆ ಹಚ್ಚೋಕೆ ಆಗಲ್ಲ ಅಂದ್ರೆ ಆಗಲ್ಲ ಅನ್ನು. ಬೆಳಗ್ಗಿನಿಂದ ಮುಖ ಯಾಕೆ ಊದಿಸ್ಕೊಂಡಿದ್ದೀಯ?

ಮಾರ್ಲೀನ್: ಹಚ್ತೀನಿ. ಆಮೇಲೆ ಉಪ್ಪು ಮೆಣಸೂ ಹಚ್ಚಿ ಕಿಟಕೀಲಿ ತೂಗುಹಾಕ್ತೀನಿ. ಈ ವಯಸ್ಸಲ್ಲಿ ಆ ಕಾಲಿನಿಂದ ಇನ್ನೇನು ಉಪಯೋಗ?

ರೇಸಿನ ಸವಾರರ ರೂಢಿಯಂತೆ ರೆಮಿ ಹಿಂದಿನ ರಾತ್ರಿಯೇ ಎರಡೂ ಕಾಲುಗಳ ರೋಮ ಬೋಳಿಸಿಕೊಂಡಿದ್ದ, ಅದೂ ಹೆಂಡತಿಯ ರೇಜರಿನಲ್ಲಿ. ಈಗ ಆ ಕಾಲುಗಳನ್ನು ಅಂಗಡಿಯ ಕಟ್ಟೆಯ ಮೇಲೆ ಚಾಚಿ ಕೂತಿದ್ದ. ಅವನ ತಲೆಯ ಹಿಂದೆ, ಕಿಟಕಿಯಲ್ಲಿ, ಹೊಗೆ ಹಾಕಿದ ಎರಡು ಹಂದಿತೊಡೆಗಳು ತೂಗುತ್ತಿದ್ದವು. ಬಣ್ಣದಲ್ಲಾಗಲಿ ಗಾತ್ರದಲ್ಲಾಗಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ಅಂದು ಫ್ಲಾಂಡರ್ಸಿನ ಆ ಹಳ್ಳಿಯಲ್ಲಿ ಕರ್ಮಿಸ್, ಅಂದರೆ ಊರ ಚರ್ಚಿನ ಹಬ್ಬ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಊರನ್ನೇ ಸುತ್ತು ಹಾಕುವ ಸೈಕಲ್ ರೇಸು, ಸಂಜೆಗೆ ಬಿಯರು. ಇದರಲ್ಲಿ ಮೊದಲನೆಯದನ್ನು ತಪ್ಪಿಸಿಕೊಂಡವರನ್ನು ಊರು ಕ್ಷಮಿಸುತ್ತದೆ, ಮಿಕ್ಕೆರಡನ್ನಲ್ಲ. ಪ್ರತಿ ವರ್ಷ ಹವ್ಯಾಸಿಗಳಿಗೆ ಒಂದು ದಿನ, ವೃತ್ತಿಪರರಿಗೆ ಒಂದು ದಿನ ಇರುತ್ತಿತ್ತು. ಈ ಸಲ ಎರಡಕ್ಕೂ ಜನ ಸಾಲದೆ, ಎದುರಿನ ಬಿಯರ್ ಅಂಗಡಿಯ ಗಾಸ್ಟನ್ ಎರಡನ್ನೂ ಸೇರಿಸಿ ಒಂದೇ ರೇಸು ಮಾಡಿದ್ದ. ರೇಸು ಸಮಿತಿಗೆ ಅವನೇ ಅಧ್ಯಕ್ಷ, ಅವನೇ ಬಾವುಟದವನು. ಮಾತು ಕಿವಿಗೆ ಬಿದ್ದವನಂತೆ ಅವನೂ ಒಳಗೆ ಬಂದ.

ಮಾರ್ಲೀನ್: ಬಾರಯ್ಯ ಗಾಸ್ಟನ್. ಇಲಿಯನ್ನೂ ಬೆಕ್ಕನ್ನೂ ಒಂದೇ ರೇಸಿಗೆ ಬಿಟ್ಟ ಪುಣ್ಯಾತ್ಮ.

ಗಾಸ್ಟನ್: ಇಲಿಗಳನ್ನ ಮೊದಲು ಬಿಡ್ತೀವಲ್ಲ ಮಾರ್ಲೀನ್? ಸ್ವಲ್ಪ ಹೊತ್ತಾದ ಮೇಲೇ ಬೆಕ್ಕುಗಳು. ನ್ಯಾಯ ಅಂದ್ರೆ ನ್ಯಾಯ.

ಮಾರ್ಲೀನ್: ಬೆಕ್ಕು ಹಿಡಿದ್ರೆ?

ಗಾಸ್ಟನ್: ನಾನು ಬಾವುಟ ತೋರಿಸ್ತೀನಿ, ಹವ್ಯಾಸಿ ಸೈಕಲ್ ಇಳಿದು ಪಕ್ಕಕ್ಕೆ ಹೋಗ್ತಾನೆ. ತಿನ್ನೋದೇನಿಲ್ಲ.

ರೆಮಿ: ಅದೊಂದು ಆಗಬಾರದು ಕಣೋ. ನನಗೆ ಗೆಲ್ಲೋ ಆಸೆ ಯಾವತ್ತೋ ಹೋಯ್ತು. ಮುಂದಿನ ವರ್ಷ ಡಾಕ್ಟರ್ ಸಹಿ ಹಾಕಲ್ಲ ಅಂದಿದಾರೆ. ಇದೇ ಕೊನೆ. ನನ್ನ ಅಂಗಡಿ ಮುಂದಿರೋ ಗೆರೆ ನಾನು ದಾಟಬೇಕು. ನೀನು ನಡುವೆ ಇಳಿಸಿದ್ರೆ, ನಾಳೆ ಕೈಮಾ ತೂಗುವಾಗ ಒಬ್ಬೊಬ್ಬರೂ ಕೇಳ್ತಾರೆ, "ಏನು ರೆಮಿ, ಎಲ್ಲಿ ಇಳಿದೆ?" ಅಂತ.

ಗಾಸ್ಟನ್ ದನಿ ತಗ್ಗಿಸಿದ. ವೃತ್ತಿಪರರ ಮುಂದಾಳು ಲಾಂಡರ್ ಈ ಮನೆಯ ಹಿಂದಿನ ಕೋಣೆಯಲ್ಲೇ ಬಟ್ಟೆ ಬದಲಾಯಿಸುತ್ತಿದ್ದಾನೆ, ಅವನು ಹೇಳಿದ ವೇಗಕ್ಕೇ ಮಿಕ್ಕವರು ತುಳಿಯುವುದು, ಅವನ ಕಿವಿಗೊಂದು ಮಾತು ಹಾಕಿದರೆ ತಪ್ಪೇನು ಎಂದ. ದಾರಿಬದಿಯ ಮನೆಗಳು ಸವಾರರಿಗೆ ಬಚ್ಚಲು ಬಿಟ್ಟುಕೊಡುವುದು ಆ ಊರಿನ ಹಳೆಯ ಪದ್ಧತಿ. ಆ ಬಚ್ಚಲುಗಳಲ್ಲೇ ರೇಸಿನ ಫಲಿತಾಂಶ ತೀರ್ಮಾನವಾಗುವುದು ಅದಕ್ಕಿಂತ ಹಳೆಯ ಪದ್ಧತಿ.

ರೆಮಿ: ಥೂ. ಪ್ರತಿಫಲಕ್ಕೆ ತುಳಿಯೋನು ವೃತ್ತಿಪರ, ಪ್ರೀತಿಗೆ ತುಳಿಯೋನು ಹವ್ಯಾಸಿ. ನಾನು ಹವ್ಯಾಸಿ. ಆ ಕೊಳಕಿಗೆ ನಾನು ಕೈ ಹಾಕಲ್ಲ.

ಇಷ್ಟು ಹೇಳಿ, ಪಾಪ ಆ ಹುಡುಗನಿಗೆ ಬಿಸಿನೀರು ಸಾಕಾಯಿತೋ ಇಲ್ಲವೋ ಕೇಳಿಬರುತ್ತೇನೆಂದು ಹಿಂದಿನ ಕೋಣೆಗೆ ಹೋದ. ಬರುವಾಗ ಸಿಳ್ಳೆ ಹಾಕುತ್ತ ಬಂದ. ಗಂಡನ ಬೆನ್ನು ಬೀದಿಗಿಳಿದದ್ದೇ ತಡ, ಮಾರ್ಲೀನ್ ಕಾಫಿ ಹಿಡಿದು ಅದೇ ಕೋಣೆಗೆ ಹೋದಳು.

ಮಾರ್ಲೀನ್: ನೋಡಪ್ಪ ಲಾಂಡರ್, ನನ್ನ ಗಂಡನ್ನ ಬೇಗ ಹಿಡಿದುಬಿಡು.

ಲಾಂಡರ್: ಬೇಗ ಅಂದ್ರೆ ಯಾವಾಗ ಅಕ್ಕಾ?

ಮಾರ್ಲೀನ್: ಉಸಿರಿದ್ದಾಗಲೇ. ಹೋದ ವರ್ಷ ಗೆರೆ ದಾಟಿ ಚರ್ಚಿನ ಗೋಡೆಗೆ ಒರಗಿ ಕೂತ, ಮುಖ ಸುಣ್ಣ. ಕೊನೇ ಪ್ರಾರ್ಥನೆಗೆ ಅಂತ ನಾನು ಪಾದ್ರಿಗೇ ಹೇಳಿ ಕಳಿಸಿದ್ದೆ. ಅವನ ಮರ್ಯಾದೆ ಹೋದ್ರೆ ನಾಲ್ಕು ದಿನ ಮಾತಾಡ್ತಾರೆ, ಅವನೇ ಹೋದ್ರೆ ನಾನೇನು ಮಾಡಲಿ? ಕಿಟಕೀಲಿ ಹಂದಿತೊಡೆ ಇದೆ ನೋಡು, ಅದರಲ್ಲೊಂದು ನಿಂದು.

ಲಾಂಡರ್: ಎಡಗಡೆದಾ, ಬಲಗಡೆದಾ?

ಮಾರ್ಲೀನ್: ಯಾವುದಾದ್ರೇನಪ್ಪ?

ಲಾಂಡರ್: ಸುಮ್ಮನೆ ಕೇಳಿದೆ. ಬಲಗಡೆದೇ ಇರಲಿ ಅಕ್ಕಾ.

ರೇಸು ಹೊರಟಿತು. ಲಾಂಡರ್ ಮಾತಿಗೆ ತಪ್ಪುವವನಲ್ಲ ಎಂದು ಮಾರ್ಲೀನಳಿಗೆ ಮೊದಲ ಸುತ್ತುಗಳಲ್ಲೇ ಖಾತ್ರಿಯಾಯಿತು. ವೃತ್ತಿಪರರು ಮೈಮೇಲೆ ದೆವ್ವ ಬಂದವರಂತೆ ತುಳಿದರು. ಪೋಸ್ಟ್‌ಮಾಸ್ತರನನ್ನು ಹಿಡಿದರು, ಮೇಷ್ಟ್ರನ್ನು ಹಿಡಿದರು. ಗಾಸ್ಟನ್ನನ ಬಾವುಟ ಏಳುತ್ತಲೇ ಇತ್ತು. ಅರ್ಧ ರೇಸಿಗೆ ರೆಮಿಯ ಹಿಂದಿನ ಚಕ್ರಕ್ಕೆ ಮೂತಿ ತಾಗಿಸಿದರು. ಇನ್ನು ಇಳಿಸಿದರು ಎಂದು ಮಾರ್ಲೀನ್ ಶಿಲುಬೆ ಗುರುತು ಮಾಡಿಕೊಂಡು ಸೂಪು ಬಿಸಿಗಿಡಲು ಒಳಗೆ ಹೋದಳು.

ತಿರುಗಿ ಬಂದು ನೋಡಿದರೆ ರೆಮಿ ಇನ್ನೂ ಸೈಕಲ್ ಮೇಲೆ. ಅವನ ಹಿಂದೆ ಇಡೀ ವೃತ್ತಿಪರರ ಗುಂಪು ಮದುವೆ ಮೆರವಣಿಗೆಯಂತೆ ಬರುತ್ತಿತ್ತು. ಒಬ್ಬ ಬಾಳೆಹಣ್ಣು ಸುಲಿಯುತ್ತಿದ್ದ. ಇನ್ನೊಬ್ಬ ಆಲೂಗಡ್ಡೆ ಕರಿಯುವವಳಿಗೆ ಕೈ ಬೀಸಿದ. ಜನ ಮೊದಲು ಕೂಗಾಡಿದರು. ಆಮೇಲೆ, ನಮ್ಮ ರೆಮಿಯನ್ನು ದಾಟಲು ಇವರಿಂದ ಆಗುತ್ತಿಲ್ಲ ಎಂದು ಯಾರೋ ಅಂದದ್ದೇ ಸಾಕು, ಇಡೀ ಬೀದಿ ಅದನ್ನೇ ನಂಬಿತು.

ಮಾರ್ಲೀನ್ ಲಾಂಡರನ ವಂಶವನ್ನೆಲ್ಲ ಬೈದಳು. ಆದರೆ ರೆಮಿ ಕೊನೆಯ ಸಲ ಕಲ್ಲುಹಾಸಿನ ಮೇಲೆ ಕುಲುಕುತ್ತ, ಬೀಟ್‌ರೂಟಿನಂಥ ಮುಖ ಹೊತ್ತು ಬಂದಾಗ ಅವಳಿಗೆ ಏನಾಯಿತೋ, ಕುರ್ಚಿಯ ಮೇಲೆ ಹತ್ತಿ ನಿಂತಳು.

ಮಾರ್ಲೀನ್: ತುಳಿಯೋ ರೆಮಿ. ನಿಲ್ಲಿಸಬೇಡ, ತುಳಿ.

ರೆಮಿ ಗೆರೆ ದಾಟಿದ. ಬೀಳಲಿಲ್ಲ, ಸಾಯಲಿಲ್ಲ, ಬಿಯರ್ ಕೇಳಿದ. ಅವನು ದಾಟಿದ ಕೂಡಲೇ ವೃತ್ತಿಪರರು ಬಾಣದಂತೆ ಹೋಗಿ ತಮಗೆ ಮಾತ್ರ ಹೆಚ್ಚಿಗಿದ್ದ ಸುತ್ತುಗಳನ್ನು ಮುಗಿಸಿದರು. ಅವರಲ್ಲಿ ಯಾರು ಗೆದ್ದರೆಂದು ಆ ಬೀದಿಯಲ್ಲಿ ಯಾರೂ ಕೇಳಲಿಲ್ಲ. ತಾನು ಸೋಲಿಸಲು ಹೊರಟಿದ್ದ ಗಂಡ ಗೆದ್ದನೆಂದು ಮಾರ್ಲೀನ್ ಅಳುತ್ತಿದ್ದಳು, ಅಳುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು.

ಸಂದಣಿ ಕರಗಿದ ಮೇಲೆ, ಮಾತಿಗೆ ತಪ್ಪಿದರೂ ಹುಡುಗನನ್ನು ಬರಿಗೈಯಲ್ಲಿ ಕಳಿಸುವುದು ಬೇಡವೆಂದು ಅವಳು ಮೆಲ್ಲಗೆ ಕಿಟಕಿಯ ಹತ್ತಿರ ಹೋಗಿ ಬಲಗಡೆಯ ತೊಡೆಗೆ ಕೈ ಹಾಕಿದಳು. ಎಡಗಡೆಯ ತೊಡೆಯ ಮೇಲೆ ಆಗಲೇ ಒಂದು ಕೈ ಇತ್ತು.

ಮಾರ್ಲೀನ್: ಏನು ಮಾಡ್ತಿದ್ದೀಯ?

ರೆಮಿ: ಧೂಳು ಒರೆಸ್ತಿದ್ದೆ. ನೀನು?

ಮಾರ್ಲೀನ್: ನಾನೂ ಅಷ್ಟೇ.

ಹಿಂದಿನ ಕೋಣೆಯಿಂದ ಲಾಂಡರ್ ತಲೆ ಒರೆಸಿಕೊಳ್ಳುತ್ತ ಬಂದ.

ಲಾಂಡರ್: ಎರಡನ್ನೂ ಕಾಗದದಲ್ಲಿ ಸುತ್ತಿಕೊಡಿ. ಬಸ್ಸಿನ ಸೀಟು ಜಿಡ್ಡಾಗುತ್ತೆ.

ಬಾಗಿಲಲ್ಲಿ ಗ್ಲಾಸು ಹಿಡಿದು ನಿಂತಿದ್ದ ಗಾಸ್ಟನ್ ಕುಡಿಯುವುದನ್ನು ನಿಲ್ಲಿಸಿದ.

ರೆಮಿ: ನನ್ನನ್ನ ಇಳಿಸೋಕೆ ತೊಡೆ ಕೊಟ್ಟೆಯಾ ನೀನು?

ಮಾರ್ಲೀನ್: ನಿನ್ನನ್ನ ಉಳಿಸೋಕೆ ಕೊಟ್ಟೆ. ನೀನು ಬಿಸಿನೀರು ಕೇಳೋಕೆ ಹೋದೋನು ಏನು ಕೊಟ್ಟೆ? ಪ್ರೀತಿನಾ?

ಲಾಂಡರ್: ಜಗಳ ಬೇಡ ಅಕ್ಕಾ. ಮೊದಲರ್ಧ ನಿಮ್ಮ ಕೆಲಸ ಮಾಡಿದೆ, ಉಳಿದರ್ಧ ಅಣ್ಣನ ಕೆಲಸ ಮಾಡಿದೆ. ಯಾರಿಗೂ ಮೋಸ ಮಾಡಿಲ್ಲ.

ರೆಮಿ: ಹಾಗಾದ್ರೆ ನಾನು ತುಳಿದದ್ದೆಲ್ಲ?

ಲಾಂಡರ್: ತುಳಿದದ್ದು ನೀವೇ ಅಣ್ಣಾ. ನಿಮ್ಮಷ್ಟು ಅಗಲದ ಬೆನ್ನಿನ ಹಿಂದೆ ನಮಗೆ ಒಂದು ಚೂರು ಗಾಳಿ ತಾಗಲಿಲ್ಲ.

ಗಾಸ್ಟನ್: ಎರಡು ರೇಸು ಸೇರಿಸಿದ್ದೇ ತಪ್ಪಾಯ್ತು. ಇದರಲ್ಲಿ ವೃತ್ತಿಪರರು ಯಾರು, ಹವ್ಯಾಸಿಗಳು ಯಾರು ಅಂತ ಈಗ ನನಗೇ ಗೊತ್ತಾಗ್ತಿಲ್ಲ.

ಮಾರ್ಲೀನ್ ಎರಡು ತೊಡೆಗಳನ್ನೂ ಇಳಿಸಿ ಕಟ್ಟೆಯ ಮೇಲಿಟ್ಟು, ಕಾಗದ ಹರಿದಳು.

ಮಾರ್ಲೀನ್: ಅದಕ್ಯಾಕೆ ತಲೆ ಕೆಡಿಸ್ಕೋತೀಯ ಗಾಸ್ಟನ್? ತೊಡೆ ಎತ್ಕೊಂಡು ಹೋಗ್ತಿರೋನು ವೃತ್ತಿಪರ. ತೊಡೆ ಸುತ್ತಿಕೊಡ್ತಿರೋ ನಾವಿಬ್ಬರೂ ಹವ್ಯಾಸಿಗಳು. ರೆಮಿ, ಆ ದಾರ ಹಿಡ್ಕೋ.