ಎರಡನೇ ನಂಬರಿನ ಮೇಲಿನ ಟವೆಲ್

ಜಿಮ್ ನಡೆಸುವವನಿಗೆ ಹೊಟ್ಟೆ ಇರಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೂ ನಮ್ಮ ಜಿಮ್ಮಿಗೆ ಮೊದಲ ಸಲ ಮೆಟ್ಟಿಲು ಹತ್ತಿ ಬಂದವರು, ಕೌಂಟರಿನ ಹಿಂದೆ ಕುರ್ಚಿಯಲ್ಲಿ ಕುಳಿತ ನನ್ನನ್ನು ನೋಡಿ, ಒಂದು ಕ್ಷಣ ತಡೆದು, "ಓನರ್ ಎಲ್ಲಿ ಅದಾರ್ರಿ?" ಎಂದು ಕೇಳುತ್ತಾರೆ. ನಾನೇ ಎಂದರೆ ನಂಬುವುದಿಲ್ಲ. ನಂಬಿದರೂ ಹೆಸರು ಬರೆಸುವುದಿಲ್ಲ. ಆದ್ದರಿಂದ ಈಚೀಚೆಗೆ ನಾನು ಮಾತಾಡದೆ ಕೋಚ್ ಇಮ್ರಾನನ ಕಡೆ ಕೈ ತೋರಿಸುತ್ತಿದ್ದೆ. ಅವನ ತೋಳು ನೋಡಿದ ಮೇಲೆ ಯಾರೂ ಬೇರೆ ಪ್ರಶ್ನೆ ಕೇಳುವುದಿಲ್ಲ. ಆರು ವರ್ಷದಿಂದ ಜಿಮ್ ನಡೆದಿದೆ. ನಾನೇ ಹೇಳಿಕೊಳ್ಳಬಾರದು, ಚೆನ್ನಾಗಿಯೇ ನಡೆದಿದೆ. ಹೊಸಪೇಟೆಯಲ್ಲಿ ನಮ್ಮದಕ್ಕಿಂತ ದೊಡ್ಡ ಜಿಮ್ಮುಗಳಿವೆ, ಎಸಿ ಹಾಕಿಸಿದವು ಇವೆ. ನಮ್ಮ ಕೆಳಗೆ ಇರುವುದು ಮಿರ್ಚಿ ಮಂಡಕ್ಕಿ ಅಂಗಡಿ. ಸಂಜೆಯ ಬ್ಯಾಚಿನವರು ಮೇಲೆ ಇಳಿಸಿದ್ದನ್ನು ಕೆಳಗೆ ಏರಿಸಿಕೊಂಡೇ ಮನೆಗೆ ಹೋಗುವುದು. ಹಾಗಿದ್ದೂ ಬೆಳಿಗ್ಗೆ ಆರೂವರೆಗೆ ನಮ್ಮ ನಾಲ್ಕು ಟ್ರೆಡ್‌ಮಿಲ್ಲುಗಳ ಮುಂದೆ ಜನ ಪಾಳಿ ಹಚ್ಚಿ ನಿಲ್ಲುತ್ತಾರೆ. ಆ ಪಾಳಿಯನ್ನು ನೋಡುತ್ತ ಚಹಾ ಕುಡಿಯುವುದು ನನ್ನ ವ್ಯಾಯಾಮವಾಗಿತ್ತು.

ಇದಕ್ಕೆ ಮುಂಚೆ ನಾನು ಸಂಡೂರಿನ ಕಡೆ ಒಂದು ಗಣಿಯ ವೇಬ್ರಿಜ್ಜಿನಲ್ಲಿ ಕೂತು ಅದಿರಿನ ಲಾರಿ ತೂಗುತ್ತಿದ್ದೆ. ಲಾರಿಗೆ ಎರಡು ತೂಕ. ಖಾಲಿ ಬಂದಾಗ ಒಂದು, ತುಂಬಿಕೊಂಡು ಹೋಗುವಾಗ ಒಂದು. ಕಂಡದ್ದನ್ನು ಕಂಡಷ್ಟೇ ಬರೆಯಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಈಗ ಮನುಷ್ಯರನ್ನು ತೂಗುತ್ತೇನೆ. ಅವರ ಖಾಲಿ ತೂಕ ಎಷ್ಟೆಂದು ಮಾತ್ರ ಇದುವರೆಗೂ ನನಗೆ ಗೊತ್ತಾಗಿಲ್ಲ. ಈ ಮಾತನ್ನು ಯಾಕೆ ಹೇಳಿದೆನೆಂದರೆ, ಮುಂದೆ ಹೇಳುವ ಸಂಗತಿಯನ್ನೂ ನಾನು ಕಂಡಷ್ಟೇ ಹೇಳಬೇಕೆಂದಿದ್ದೇನೆ. ಅದರಲ್ಲಿ ನನ್ನದೂ ಒಂದು ಪಾಲಿದೆ.

ನಮ್ಮ ಜಿಮ್ಮನ್ನು ನಿಜವಾಗಿ ನಡೆಸುತ್ತಿದ್ದವರು ಕೊಟ್ರಪ್ಪ ಕಾಕಾ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಅದರಲ್ಲಿ ಬಹುಪಾಲು ಕಂಪ್ಲಿ ರೂಟು. ನಾನು ಜಿಮ್ ತೆರೆದ ವರ್ಷವೇ ನಿವೃತ್ತರಾಗಿ, ಮರುವಾರವೇ ನಮ್ಮಲ್ಲಿ ಹೆಸರು ಬರೆಸಿದರು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದರಂತೆ. ರಸ್ತೆಯಲ್ಲಿ ನಡೆದರೆ ಬಸ್ಸು ಕಂಡಾಗಲೆಲ್ಲ ಹತ್ತಬೇಕೆನಿಸುತ್ತದೆ, ಅದಕ್ಕೆ ಇಲ್ಲಿಗೆ ಬಂದೆ ಎಂದರು. ಬಂದ ಮೊದಲ ದಿನವೇ ಕಿಟಕಿಯ ಪಕ್ಕದ ಎರಡನೇ ನಂಬರ್ ಟ್ರೆಡ್‌ಮಿಲ್ಲಿನ ಹಿಡಿಯ ಮೇಲೆ ತಮ್ಮ ಕೆಂಪಂಚಿನ ಬಿಳಿ ಟವೆಲ್ ಹಾಕಿ, ನೀರು ಕುಡಿಯಲು ಹೋದರು. ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ಎಸೆದವನದು. ಅದಕ್ಕೆ ಸಾಕ್ಷಿ ಬೇಡ, ಸಹಿ ಬೇಡ. ಅಂದಿನಿಂದ ಜಿಮ್ಮಿನಲ್ಲೂ ಅದೇ ಕಾನೂನಾಯಿತು. ಎಲ್ಲರೂ ಮೆಷಿನ್ನಿಗೆ ಟವೆಲ್ ಹಾಕತೊಡಗಿದರು. ತಕರಾರು ಬಂದರೆ ಕಾಕಾ ತೀರ್ಪು ಕೊಡುತ್ತಿದ್ದರು. ಯಾರಾದರೂ ಟ್ರೆಡ್‌ಮಿಲ್ ಹತ್ತಿದರೆ "ರೈಟ್" ಎನ್ನುವರು. ಇಪ್ಪತ್ತು ನಿಮಿಷವಾಯಿತೆಂದರೆ "ಹೋಲ್ಡಾನ್, ಇಳೀರಿ, ನಿಮ್ಮೂರು ಬಂತು" ಎನ್ನುವರು. ಬಾಗಿಲಲ್ಲಿ ಗುಂಪು ಸೇರಿದರೆ, "ಒಳಗ ಸರೀರಿ, ಒಳಗ ಭಾಳ ಜಾಗ ಐತಿ." ಜನ ಬರುತ್ತಿದ್ದುದು ಅರ್ಧ ಇಮ್ರಾನನ ತೋಳಿಗೆ, ಅರ್ಧ ಕಾಕಾನ ಬಾಯಿಗೆ.

ಆ ಸಂಗತಿ ನಡೆದ ದಿನ ಗೋಡೆಯ ಗಡಿಯಾರದಲ್ಲಿ ಆರು ನಲವತ್ತು. ಕಾಕಾ ಎರಡನೇ ನಂಬರಿನ ಮೇಲೆ ನಡೆಯುತ್ತಿದ್ದರು. ನಾನು ಚಹಾದ ಲೋಟ ಹಿಡಿದು ಅವರಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಕಾಕಾ "ಹೋಲ್ಡಾನ್" ಎಂದರು. ಪಾಳಿಯಲ್ಲಿದ್ದ ಯಾರೋ, ಕಂಪ್ಲಿ ದಾರಿಯ ಸ್ಟಾಪಿನ ಹೆಸರು ಹಿಡಿದು, "ಇನ್ನ ಕಡ್ಡಿರಾಂಪುರ ಬಂದಿಲ್ಲ ಕಾಕಾ, ಕುಂದ್ರಿ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಕಾಕಾ ಮತ್ತೊಮ್ಮೆ ಅದೇ ಮಾತನ್ನು ಮೆಲ್ಲಗೆ ಅಂದರು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತೆಂದು ಆಮೇಲೆ ನಾನು ಗಡಿಯಾರದ ಮುಂದೆ ನಿಂತು ಬಹಳ ಸಲ ಲೆಕ್ಕ ಹಾಕಿದ್ದೇನೆ. ಎಂಟು ಸೆಕೆಂಡೂ ಇರಬಹುದು, ಹನ್ನೆರಡೂ ಇರಬಹುದು. ಅಷ್ಟು ಹೊತ್ತು ಬೆಲ್ಟು ಓಡಿತು, ನಾನು ನಗುತ್ತಿದ್ದೆ. ಬೆಲ್ಟು ನಿಲ್ಲಿಸುವ ಕೆಂಪು ಬಟನ್ ಒತ್ತಿದವನು ಇಮ್ರಾನ್, ನಾನಲ್ಲ. ಕಾಕಾ ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕುಳಿತರು. ನಾಲ್ಕು ಜನ ಎತ್ತಿಕೊಂಡು ಮೆಟ್ಟಿಲಿಳಿಸುವಾಗ ಅವರಿಗೆ ಎಚ್ಚರವಿತ್ತು. ನನ್ನ ಮುಖ ನೋಡಿ ಹೇಳಿದ್ದು ಇಷ್ಟೇ: "ಟವೆಲ್ ಅಲ್ಲೇ ಇರ್ಲಿ. ಬರ್ತೀನಿ."

ಅವರನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿದರು. ಜೀವಕ್ಕೆ ಅಪಾಯವಿಲ್ಲವೆಂದರು. ಅಲ್ಲಿಂದ ಮಗಳು ಅನ್ನಪೂರ್ಣ ತನ್ನ ಮನೆಗೆ, ಕಂಪ್ಲಿಗೆ ಕರೆದುಕೊಂಡು ಹೋದಳು. ಟವೆಲ್ ಎರಡನೇ ನಂಬರಿನ ಮೇಲೆಯೇ ಉಳಿಯಿತು.

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಪಾಳಿ ಮೆಟ್ಟಿಲ ತನಕ ಬೆಳೆಯಿತು. ಮೂರು ಮೆಷಿನ್ನುಗಳ ಮೇಲೆ ಜನ ಓಡುತ್ತಿದ್ದರು, ಎರಡನೇ ನಂಬರಿನ ಮೇಲೆ ಟವೆಲ್ ನಿಂತಿತ್ತು. ಮೈಸೂರಿನಿಂದ ವರ್ಗವಾಗಿ ಬಂದ ಒಬ್ಬ ಬ್ಯಾಂಕ್ ಆಫೀಸರು ಹೊಸದಾಗಿ ಸೇರಿದ್ದರು. ಅವರು ಪಾಳಿಯಲ್ಲಿ ಮುಂದೆ ನಿಂತಿದ್ದ ಅಕ್ಕಿ ಮಿಲ್ಲಿನ ಚನ್ನಬಸಪ್ಪನವರನ್ನು ಕೇಳಿದರು:

"ಅದು ಖಾಲಿ ಇದೆಯಲ್ಲ ಸಾರ್, ಯಾಕೆ ಯಾರೂ ಹತ್ತುತ್ತಿಲ್ಲ?"

"ಟವೆಲ್ ಐತಲ್ರಿ."

"ಯಾರದು?"

"ಕೊಟ್ರಪ್ಪ ಕಾಕಾಂದು."

"ಅವರೆಲ್ಲಿದ್ದಾರೆ?"

"ಕಂಪ್ಲಿಯೊಳಗ."

ಆಫೀಸರು ಟವೆಲ್ಲಿನ ಕಡೆ ನೋಡಿದರು. "ಯಾವಾಗ ಬರುತ್ತಾರೆ?"

"ಬರ್ತೀನಿ ಅಂದಾರ," ಎಂದರು ಚನ್ನಬಸಪ್ಪನವರು. ಆಫೀಸರು ಪಾಳಿಯ ಕೊನೆಗೆ ಹೋಗಿ ನಿಂತರು.

ಮಾಲೀಕನಾದ ನಾನು ಅದನ್ನು ತೆಗೆಯಬೇಕಿತ್ತು. ಒಂದು ದಿನ ಧೈರ್ಯ ಮಾಡಿ ಹತ್ತಿರ ಹೋದೆ. ಹಿಡಿಯ ತನಕ ಕೈ ಹೋಯಿತು. ಅಲ್ಲಿ ಧೂಳು ಒರೆಸಿದಂತೆ ಮಾಡಿ ಹಿಂದೆ ಬಂದೆ. ನನ್ನ ಹೆಂಡತಿ ಶಾಂತಾ ಹನ್ನೊಂದು ಗಂಟೆಯ ಹೆಂಗಸರ ಬ್ಯಾಚು ನೋಡಿಕೊಳ್ಳುತ್ತಾಳೆ. ಅವಳಿಗೆ ಇಂಥ ಅಳುಕಿಲ್ಲ. "ಬೆವರಿನ ಟವೆಲ್ ಹಂಗ ನೇತಾಕ್ಕೊಂಡು ಕುಂತೀರಲ್ಲ, ಬಂದವ್ರು ಏನಂತಾರ? ಕೊಡ್ರಿ ಇಲ್ಲಿ, ಒಗದು ಕೊಡ್ತೀನಿ," ಎಂದು ಒಯ್ದೇಬಿಟ್ಟಳು. ಒಗೆದ ಮೇಲೂ ಆ ಟವೆಲ್ಲಿಗೆ ಹಕ್ಕು ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಕಂಪ್ಲಿಯಲ್ಲಿದ್ದರು. ಅದು ಒಣಗುವ ತನಕ ಇರಲಿ ಎಂದು ಮರುದಿನ ಬೆಳಿಗ್ಗೆ ನಾನು ನನ್ನ ಟವೆಲ್ ಹಾಕಿದೆ. ಎರಡು ನಿಮಿಷ ಕಳೆದಿರಲಿಲ್ಲ, ಚನ್ನಬಸಪ್ಪನವರು ಅದನ್ನು ಬದಿಗೆ ಸರಿಸಿ ಓಡುತ್ತಿದ್ದರು. "ಟವೆಲ್ ಇತ್ತಲ್ರಿ" ಎಂದೆ. "ಅದು ನಿಮ್ದಲ್ರಿ ಮಲ್ಲಣ್ಣ? ನೀವ್ಯಾವತ್ತು ಹತ್ತೀರಿ?" ಎಂದರು. ನನ್ನ ಜಿಮ್ಮು, ನನ್ನ ಮೆಷಿನ್ನು, ನನ್ನ ಟವೆಲ್ಲು. ಅದನ್ನು ಮಡಚಿಕೊಂಡು ಕೌಂಟರಿಗೆ ಬಂದೆ. ಮಾರನೆಯ ದಿನ ಕಾಕಾನ ಟವೆಲ್ ಒಗೆದು ಮಡಚಿ ಮತ್ತೆ ಹಾಕಿದ್ದೇ ತಡ, ಎಲ್ಲರೂ ದೂರ ಸರಿದರು. ಅದನ್ನು ಹಾಕುವ ಮುಂಚೆ, ಯಾರೂ ನೋಡದಿದ್ದಾಗ, ತೂಕದ ಮೆಷಿನ್ನಿನ ಮೇಲೆ ಇಟ್ಟು ನೋಡಿದ್ದೆ. ಸೊನ್ನೆ ತೋರಿಸಿತು.

ಇಷ್ಟೆಲ್ಲ ಆಗುತ್ತಿದ್ದರೂ ನಾನು ಕಂಪ್ಲಿಗೆ ಹೋಗಿರಲಿಲ್ಲ. ಮೂರು ಸಲ ಫೋನ್ ಮಾಡಿದ್ದೆ. ಅನ್ನಪೂರ್ಣ "ಆರಾಮ ಅದಾರ್ರಿ, ಮಲಗ್ಯಾರ" ಎನ್ನುತ್ತಿದ್ದಳು. ಅವರು ಮಲಗಿದ್ದರೆಂದು ಕೇಳಿ ನನಗೆ ಸಮಾಧಾನವೇ ಆಗುತ್ತಿತ್ತು. ಎದ್ದಿದ್ದರೆ "ನಾ ಹೋಲ್ಡಾನ್ ಅಂದಾಗ ಯಾಕ ನಕ್ಕಿ?" ಎಂದು ಕೇಳಿಯಾರು ಎಂಬ ಭಯ. ಆದರೆ ದಿನಾ ಆರು ನಲವತ್ತಕ್ಕೆ ನನ್ನ ಕಿವಿ ತಾನಾಗಿ ಆ ದನಿಗೆ ಕಾಯುತ್ತಿತ್ತು. ಇಪ್ಪತ್ತು ನಿಮಿಷ ಕಳೆದರೂ ಯಾರೂ ಇಳಿಯುತ್ತಿರಲಿಲ್ಲ, ಇಳಿಸುವವರಿರಲಿಲ್ಲ. ನಾನೊಂದು ಸಲ "ಹೋಲ್ಡಾನ್" ಎಂದು ನೋಡಿದೆ. ಯಾರೂ ತಿರುಗಿ ನೋಡಲಿಲ್ಲ.

ಐದನೆಯ ವಾರ, ಜಿಮ್ಮಿಗೆ ರಜೆಯಿರುವ ಭಾನುವಾರ, ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಹತ್ತಿದರೆ ಅರ್ಧ ಸೀಟುಗಳ ಮೇಲೆ ಟವೆಲ್ಲು, ಕರ್ಚೀಫು, ಒಂದರ ಮೇಲೆ ಬದನೆಕಾಯಿಯ ಚೀಲ. ಬದನೆಕಾಯಿಗೂ ಸೀಟಿತ್ತು, ನನಗಿರಲಿಲ್ಲ. ಕಮಲಾಪುರದ ತನಕ ನಿಂತೇ ಹೋದೆ. ಆಮೇಲೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬುಕ್ಕಸಾಗರದ ಕಡೆ ಭತ್ತದ ಗದ್ದೆಗಳು ಹಸಿರಾಗಿದ್ದವು. ಕಂಡಕ್ಟರ್ ಹುಡುಗಿಯೊಬ್ಬಳು "ರೈಟ್" ಎಂದಾಗ ತಲೆಯೆತ್ತಿ ನೋಡಿದೆ. ಮೂವತ್ತು ವರ್ಷ ಈ ದಾರಿಯಲ್ಲಿ ನಿಂತುಕೊಂಡೇ ಹೋಗಿ ಬಂದ ಮನುಷ್ಯ ನಮ್ಮಲ್ಲಿ ನಡೆಯಲು ಯಾಕೆ ಬಂದರೆಂದು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ.

ಕಾಕಾ ಮಗಳ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ಇಳಿದಿದ್ದರು. ನನ್ನ ಅಂದಾಜಿನಲ್ಲಿ ಆರು ಕೆಜಿ. ನನ್ನನ್ನು ನೋಡಿದ ಕೂಡಲೇ ಕೇಳಿದ್ದು, "ಎರಡನೇ ನಂಬರ್ ಯಾರು ಓಡಾಕತ್ಯಾರ?"

"ಯಾರೂ ಇಲ್ರಿ. ನಿಮ್ಮ ಟವೆಲ್ ಐತಿ."

ಕಾಕಾ ನನ್ನ ಮುಖವನ್ನೇ ನೋಡಿದರು. "ಐದು ವಾರದಿಂದ?"

"ಹೌದ್ರಿ. ನಡುವ ಒಂದ್ಸಲ ಒಗದೀವಿ."

ಅನ್ನಪೂರ್ಣ ನನಗೆ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಅಪ್ಪನಿಗೆ ಬರೀ ಮಂಡಕ್ಕಿ. ಕಾಕಾ ನನ್ನ ತಟ್ಟೆಯನ್ನು ನೋಡುತ್ತ, "ನೋಡಲೇ ತಮ್ಮಾ, ಹಿಂಗಾಗೇತಿ ನನ್ನ ಬಾಳೆ. ಅಂಗಳದಾಗ ದಿನಾ ಹದಿನೈದು ಸುತ್ತು. ಹೋದ್ರ ಒಂದು ಗ್ವಾಡಿ, ಬಂದ್ರ ಇನ್ನೊಂದು ಗ್ವಾಡಿ. ಹತ್ತೋರಿಲ್ಲ, ಇಳಿಯೋರಿಲ್ಲ," ಎಂದರು. ಆಗ ನಾನು ಹೇಳಿಬಿಟ್ಟೆ. ನೀವು ಹೋಲ್ಡಾನ್ ಎಂದಾಗ ನಾನು ನಗುತ್ತಿದ್ದೆ, ಬಟನ್ ಒತ್ತಿದ್ದು ನಾನಲ್ಲ, ಎಂಟರಿಂದ ಹನ್ನೆರಡು ಸೆಕೆಂಡ್ ಎಂದೆ.

ಕಾಕಾ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ನಾ ಹೋಲ್ಡಾನ್ ಅಂದ ಕೂಡ್ಲೆ ಯಾವ ಡ್ರೈವರ್ ನಿಂದ್ರಿಸ್ಯಾನ? ಎಲ್ಲಾರೂ ಒಂದು ಫರ್ಲಾಂಗ್ ಮುಂದ ಒಯ್ದ ನಿಂದ್ರಿಸೋದು. ನೀವೆಲ್ಲಾ ಅವರಿಗಿಂತ ಜಲ್ದಿ ಇದ್ರಿ ಬಿಡು." ಆಮೇಲೆ ದನಿ ಬದಲಿಸಿದರು. "ಟವೆಲ್ ತೆಗಿ. ಬಸ್ ಸ್ಟ್ಯಾಂಡಿನಾಗ ನಿಂತಿರೋತನಕ ಟವೆಲ್‌ಗೆ ಸೀಟು. ಬಸ್ ಬಿಟ್ಟ ಮ್ಯಾಲ ಮನಷ್ಯಾಗ. ಟವೆಲ್ ತಗದು ಡ್ರೈವರ್ ಬಾಜು ಬಾನೆಟ್ ಮ್ಯಾಲ ಇಡ್ತಿದ್ದೆ. ಎಲ್ಲಾರಿಗಿಂತ ಮೊದಲಿಂದ ನಿಂತವಂಗ ಸೀಟು ಕೊಡ್ತಿದ್ದೆ. ಡಾಕ್ಟ್ರು ನನಗ ಮೆಟ್ಟಿಲ ಹತ್ತಬೌದು ಅಂದಾರ. ಮಷೀನ್ ಹತ್ತಬ್ಯಾಡ ಅಂದಾರ."

ನಾನು ಮಿರ್ಚಿ ಕೆಳಗಿಟ್ಟೆ. ಕೇಳಿದೆ. "ಕುಂದ್ರಬ್ಯಾಡ ಅಂದಾರೇನ್ರಿ?"

"ಎಲ್ಲಿ ಕುಂದ್ರಾದು?"

"ಕೌಂಟರಿನ್ಯಾಗ ನನ್ನ ಕುರ್ಚಿ ಐತಲ್ರಿ."

ಕಾಕಾ ಮೊದಲ ಸಲ ನಕ್ಕರು. ಮಗಳ ಕಡೆ ನೋಡಿದರು. ಆಕೆ, "ಮುಂದಿನ ತಿಂಗಳ ಒಮ್ಮೆ ತೋರಿಸಿ ಬಂದ ಮ್ಯಾಲ ನೋಡೋಣ್ರಿ, ಅಣ್ಣಾರ," ಎಂದಳು. ಬೇಡವೆನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಪಾಳಿಯ ಎದುರಿನಲ್ಲೇ ಟವೆಲ್ ತೆಗೆದು ನನ್ನ ಕುರ್ಚಿಯ ಬೆನ್ನಿಗೆ ಹಾಕಿದೆ. ಕಾಕಾನ ತೀರ್ಪನ್ನು ಹೇಳಿದೆ. ಅದರ ಪ್ರಕಾರ ಸೀಟು, ಅಂದು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ ಮೈಸೂರಿನ ಆಫೀಸರಿಗೆ ಹೋಯಿತು. ಅಂದಿನಿಂದ ಬೆಳಿಗ್ಗೆ ಆರರಿಂದ ಒಂಬತ್ತೂವರೆ ತನಕ ನನಗೆ ಕೂರಲು ಜಾಗವಿಲ್ಲ. ಟವೆಲ್ ಇರುವ ಕುರ್ಚಿಯಲ್ಲಿ ಕೂರಲು ನನಗೂ ಮನಸ್ಸಾಗುವುದಿಲ್ಲ, ಕೂರಲು ಜನ ಬಿಡುವುದೂ ಇಲ್ಲ. ನಿಂತು ನಿಂತು ನಾಲ್ಕು ವಾರದಲ್ಲಿ ಒಂದೂವರೆ ಕೆಜಿ ಇಳಿದಿದ್ದೇನೆ. ಇಮ್ರಾನ್ ಅದನ್ನು ತನ್ನ ತರಬೇತಿಯ ಫಲವೆಂದು ಬಂದವರಿಗೆಲ್ಲ ಹೇಳುತ್ತಾನೆ.

ಕಾಕಾ ಇನ್ನೂ ಬಂದಿಲ್ಲ. ಆಸ್ಪತ್ರೆಗೆ ತೋರಿಸಿ ಬಂದಾಯಿತು ಎಂದು ಫೋನ್ ಬಂತು. ಬರುವ ದಿನ ಹೇಳಿಲ್ಲ. ನಿನ್ನೆ ಬೆಳಿಗ್ಗೆ ಆಫೀಸರು ಎರಡನೇ ನಂಬರಿನಿಂದ ಇಳಿದು, "ಬನ್ನಿ ಸಾರ್, ಈಗ ಎಲ್ಲರಿಗಿಂತ ಮೊದಲಿನಿಂದ ನಿಂತಿರುವವರು ನೀವೇ," ಎಂದರು. ತೀರ್ಪು ತೀರ್ಪೇ. ಹತ್ತಿದೆ. ಚನ್ನಬಸಪ್ಪನವರು "ರೈಟ್" ಎಂದರು. ಮೂರರ ಸ್ಪೀಡಿನಲ್ಲಿ ನಡೆಯುತ್ತ ಆಗ ನೋಡಿದೆ, ಆ ಕಿಟಕಿಯಿಂದ ಕೆಳಗಿನ ರಸ್ತೆ ಪೂರ್ತಿ ಕಾಣುತ್ತದೆ. ಹೋಗುವ ಬಸ್ಸು, ಬರುವ ಬಸ್ಸು, ಇಳಿದು ಈ ಕಡೆ ನಡೆದು ಬರುವವರು, ಎಲ್ಲ. ಅವರು ಈ ಮೆಷಿನ್ನಿಗೇ ಟವೆಲ್ ಹಾಕುತ್ತಿದ್ದುದು ಯಾಕೆಂದು ಆರು ವರ್ಷದ ಮೇಲೆ ನನಗೆ ತಿಳಿಯಿತು.

ಅಷ್ಟರಲ್ಲಿ ಹೊಸಬರೊಬ್ಬರು ಮೆಟ್ಟಿಲು ಹತ್ತಿ ಬಂದು, ಖಾಲಿ ಕುರ್ಚಿಯನ್ನೂ ಅದರ ಬೆನ್ನಿನ ಟವೆಲ್ಲನ್ನೂ ನೋಡಿ, "ಓನರ್ ಇಲ್ಲೇನ್ರಿ?" ಎಂದು ಪಾಳಿಯವರನ್ನು ಕೇಳಿದರು.

"ಇನ್ನ ಬಂದಿಲ್ರಿ. ಟವೆಲ್ ಹಾಕ್ಯಾರ," ಎಂದರು ಚನ್ನಬಸಪ್ಪನವರು.

ಬಂದವರು ಬೆಲ್ಟಿನ ಮೇಲೆ ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ, "ಯಾವಾಗ ಬರ್ತಾರ್ರಿ?" ಎಂದರು. ನಾನು ರಸ್ತೆಯ ಕಡೆಯಿಂದ ಕಣ್ಣು ತೆಗೆಯದೆ ಹೇಳಿದೆ.

"ಬರ್ತಾರ. ನಿಂದ್ರಿ."