ಬಗಲು ಸಾಲದ ಹೊಲಿಗೆ ಮಷಿನ್ನುಗಳು

ನಮ್ಮ ಕಾಕಾ ಮದುವೆಯಾಗುವ ಹೆಣ್ಣನ್ನು ಆರಿಸಲು ತೆಗೆದುಕೊಂಡದ್ದು ಒಂದು ತಟ್ಟೆ ಅವಲಕ್ಕಿ ಮುಗಿಯುವಷ್ಟು ಹೊತ್ತು. ಕೆರೂರಿನ ಆ ಪಡಸಾಲೆಯಲ್ಲಿ ಹುಡುಗಿ ತಲೆಯೆತ್ತುವ ಮೊದಲೇ ‘ಆತು’ ಎಂದುಬಿಟ್ಟನಂತೆ. ಅದೇ ಮನುಷ್ಯ ಒಂದು ಹೊಲಿಗೆ ಮಷಿನ್ ಆರಿಸಲು ಹತ್ತು ವರ್ಷಕ್ಕೂ ಮಿಕ್ಕಿ ತೆಗೆದುಕೊಂಡ! ತಪ್ಪು ತಿಳಿಯಬೇಡಿ, ಕಾಕಾ ವಿಚಾರವಂತ. ವಿಚಾರ ಮಾಡಬೇಕಾದ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ವಿಚಾರ ಮಾಡುತ್ತಿದ್ದ.

ಇಳಕಲ್ಲಿನಲ್ಲಿ ಮನೆ, ಹುನಗುಂದದಲ್ಲಿ ಗುಮಾಸ್ತಿಕೆ. ಒಂದು ಸಂಜೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಂಡ. ಕಟ್ಟಿಕೊಟ್ಟದ್ದು ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ. ಅದರಲ್ಲೊಂದು ಚಿತ್ರ: ಒಬ್ಬ ಬಿಳಿಯ ಹೆಂಗಸು, ಅವಳ ಮುಂದೆ ಮರದ ಚೌಕಟ್ಟು, ಎರಡು ದಿಂಡುಗಳ ನಡುವೆ ಬಿಗಿದು ಹರವಿದ, ಬಟ್ಟೆಯ ಪದರ ಪದರ ಸೇರಿಸಿದ ಕೌದಿ. ಇದರ ಮೇಲೆ ಹೊಲಿಗೆ ಮಷಿನ್ ಓಡಾಡುತ್ತದೆ ಎಂದು ಕೆಳಗಿನ ಸಾಲು ಹೇಳುತ್ತಿತ್ತು. ಎಂಥ ಮಷಿನ್? ಸರಿಯಾಗಿ ಅದೇ ಜಾಗಕ್ಕೆ ಮಿರ್ಚಿಯ ಎಣ್ಣೆ ಇಳಿದಿತ್ತು! ನೀವಾಗಲಿ ನಾನಾಗಲಿ ಮಿರ್ಚಿ ತಿಂದು ಹಾಳೆ ಬಿಸಾಡುತ್ತಿದ್ದೆವು. ಕಾಕಾ ಹಾಳೆಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡ. ನಮ್ಮ ಮನೆತನದ ಇತಿಹಾಸ ತಿರುಗಿದ್ದು ಅಲ್ಲಿ.

ಅಜ್ಜನ ಕಾಲದ ಮಗ್ಗ ಮೂಲೆ ಸೇರಿ ಬಹಳ ದಿನವಾಗಿತ್ತು. ಕಾಕಾ ಅದರ ದಿಂಡುಗಳನ್ನು ಬಿಚ್ಚಿ, ಬಡಿಗನನ್ನು ಕರೆಸಿ, ಪಡಸಾಲೆಯ ಗೋಡೆಯಿಂದ ಗೋಡೆಗೆ ಚೌಕಟ್ಟು ನಿಲ್ಲಿಸಿದ. ಅಡುಗೆಮನೆಗೆ ಹೋಗಬೇಕಾದವರು ಅದರ ಕೆಳಗೆ ನುಸುಳಬೇಕು. ಮನೆಗೆ ಬಂದವರೆಲ್ಲ ಬಾಗಿ ನಡೆಯುವಷ್ಟು ಗೌರವ ನಮ್ಮ ಕುಲಕ್ಕೆ ಹಿಂದೆಂದೂ ದೊರೆತಿರಲಿಲ್ಲ.

ಇನ್ನು ಚಿಗವ್ವ, ಅಂದರೆ ಕಾಕಾನ ಹೆಂಡತಿ. ಕೌದಿ ಹೊಲಿಯುವುದರಲ್ಲಿ ಓಣಿಗೆ ಮೊದಲಿಗಳು. ಮಧ್ಯಾಹ್ನ ನಾಲ್ಕು ಮಂದಿ ಹೆಂಗಸರು ಅದೇ ಪಡಸಾಲೆಯಲ್ಲಿ ಹಳೆಯ ಸೀರೆಗಳ ಸುತ್ತ ಕೂತು, ಊರಿನ ಮಾನವನ್ನೂ ಕೌದಿಯ ಅಂಚನ್ನೂ ಒಟ್ಟೊಟ್ಟಿಗೆ ಹೊಲಿಯುತ್ತಿದ್ದರು. ಕೊನೆಯ ಮೂಲೆ ಮುಚ್ಚುವ ಮೊದಲು ಚಿಗವ್ವ ಒಳಗೊಂದು ರೊಟ್ಟಿಯ ಚೂರು ಇಡುತ್ತಿದ್ದಳು. “ಕೌದಿ ಹಸದಿರಬಾರದು. ಹಸದ ಕೌದಿ ನಿದ್ದಿ ಕೊಡೂದಿಲ್ಲ” ಎನ್ನುತ್ತಿದ್ದಳು.

ಆ ವರ್ಷ ಮಗಳು ಚೊಚ್ಚಲ ಬಸುರಿ. ಹುಟ್ಟುವ ಕೂಸಿನ ಕೌದಿಗೆಂದೇ ಚಿಗವ್ವ ತನ್ನ ತಾಯಿಯ ಇಳಕಲ್ ಸೀರೆಯೊಂದನ್ನು ಕಾದಿರಿಸಿದ್ದಳು. ಉಟ್ಟು ಉಟ್ಟು ಬೆಣ್ಣೆಯಾದ ಸೀರೆ. ಗಂಟು ಬಿಚ್ಚಿ ಸೂಜಿಗೆ ದಾರ ಪೋಣಿಸಿದಳೋ ಇಲ್ಲವೋ, ಕಾಕಾ ನ್ಯಾಯಾಧೀಶನಂತೆ ಕೈಯೆತ್ತಿದ.

“ಸೂಜಿ ಕೆಳಗ ಇಡು. ಚೌಕಟ್ಟ ನಿಂತ ಮನ್ಯಾಗ ಕೈಲೆ ಹೊಲದ್ರ ಓಣ್ಯಾಗ ಹೆಂಗ ಮಾರಿ ತೋರಿಸಲಿ?”

“ಮಷಿನ್ನೇ ಇಲ್ಲಲ್ರಿ?”

“ಬರತೈತಿ. ಬೆರಳಿಗೆ ಸೂಜಿ ಚುಚ್ಚಿಕೊಳ್ಳೂ ಕಾಲ ಮುಗೀತು.”

ಚಿಗವ್ವ ಗಂಟು ಕಟ್ಟಿಟ್ಟಳು. ಪಡಸಾಲೆಯಲ್ಲಿ ಕೂರಲು ಜಾಗವಿಲ್ಲದೆ ಗೆಳತಿಯರು ಬೇರೆ ಮನೆ ಹಿಡಿದರು.

ಶೋಧನೆ ಬಾಗಲಕೋಟೆಯಿಂದ ಆರಂಭವಾಯಿತು. ನಾನಾಗ ನಿರುದ್ಯೋಗಿ, ಆದ್ದರಿಂದ ಕೌದಿ ಹೊರುವ ಹುದ್ದೆ ಅರ್ಜಿ ಹಾಕದೆಯೇ ಸಿಕ್ಕಿತು. ಸೂಜಿಗೂ ಆಚೆಯ ಕಂಬಕ್ಕೂ ನಡುವೆ ಮಷಿನ್ನಿನ ಕೈ ಕೆಳಗೊಂದು ಜಾಗವಿರುತ್ತದಲ್ಲ, ಕಾಕಾ ಅದಕ್ಕೆ ‘ಬಗಲು’ ಎಂದು ನಾಮಕರಣ ಮಾಡಿದ್ದ. ಸುತ್ತಿದ ಕೌದಿ ಆ ಬಗಲಲ್ಲಿ ಹಿಡಿಸಬೇಕು. ಪರೀಕ್ಷೆಗೆಂದು ಮನೆಯ ಅತಿ ದೊಡ್ಡ ಕೌದಿಯನ್ನೇ ಸುರುಳಿ ಸುತ್ತಿ ನನ್ನ ಹೆಗಲಿಗೇರಿಸಿದ್ದ.

“ಯಜಮಾನ್ರ, ಹಾಸಿಗಿ ಸಮೇತ ಬಂದೀರಿ. ಇಲ್ಲೇ ಮುಕ್ಕಾಮೇನ್ರಿ?” ಎಂದ ಅಂಗಡಿಯವ.

ಕಾಕಾ ಕೌದಿಯನ್ನು ಮಷಿನ್ನಿನ ಬಗಲಿಗೆ ತುರುಕಿದ. ಅದು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಮೂವರು ಸೇರಿ ಜಗ್ಗಿದ ಮೇಲೆ ಬೆವರೊರೆಸಿಕೊಂಡು ತೀರ್ಪು ಕೊಟ್ಟ: “ಬಗಲು ಸಣ್ಣದು.”

“ಅದು ಜಂಪರ್ ಹೊಲ್ಯಾಕ ಮಾಡಿದ್ದರಿ, ಹಾಸಿಗಿ ನುಂಗಾಕಲ್ಲ!”

ಬಾದಾಮಿಯಲ್ಲಿ ಒಬ್ಬ ದರ್ಜಿ ಹಳೆಯ ಮಷಿನ್ ಮಾರುತ್ತಾನೆಂದು ಸುದ್ದಿ ಬಂತು. ಜನ ಬಾದಾಮಿಗೆ ಗುಹೆ ನೋಡಲು ಹೋಗುತ್ತಾರೆ. ನಾವು ಬಗಲು ನೋಡಲು ಹೋದೆವು. ಬಗಲೇನೋ ಪಾಸಾಯಿತು. ಆದರೆ ಕೌದಿಯ ದಪ್ಪ ಮೂಲೆಗೆ ಬಂದದ್ದೇ ಸೂಜಿ ಟಕ್ಕನೆ ಮುರಿಯಿತು. ದರ್ಜಿ ಆ ಮೂಲೆಯನ್ನು ಹಿಚುಕಿ ನೋಡಿದ.

“ಒಳಗ ರೊಟ್ಟಿ ಇಟ್ಟಾರೇನ್ರಿ?”

“ಹೂಂ, ಮನ್ಯಾಗಿನ ಪದ್ಧತಿ.”

“ಹಂಗಾರ ನಿಮ್ಮ ಕೌದಿ ಉಂಡು ಕುಂತೈತಿ, ನನ್ನ ಸೂಜಿ ಸತ್ತು ಹೋತು! ಹೋಗಿ ಬರ್ರಿ.”

ಆಮೇಲೆ ತತ್ವಗಳು ಬೆಳೆದವು. ಭಾರದ ಮಷಿನ್ ಚೌಕಟ್ಟಿನ ಮೇಲೆ ಜಾರದು, ಹಗುರದ್ದು ಕೌದಿಯನ್ನು ಚುಚ್ಚದು. ಕಾಲಿನದಾದರೆ ಮೇಲಿನ ಮಷಿನ್ ಮುಂದೆ ಹೋದರೂ ಕೆಳಗಿನ ಪೆಡಲು ಇದ್ದಲ್ಲೇ ಇರುತ್ತದೆ. ಕರೆಂಟಿನದಾದರೆ ಕರೆಂಟು ಬೇಕು!

ಇತ್ತ ಮಗಳ ಕೂಸು ಹುಟ್ಟಿತು. ಪಕ್ಕದ ಮನೆಯಿಂದ ಕಡ ತಂದ ಕೌದಿಯ ಮೇಲೆ ಮಲಗಿತು. ಎರಡನೆಯದೂ ಹಾಗೆಯೇ. ಮಗಳು ಕೇಳಿಯೇಬಿಟ್ಟಳು: “ಅಪ್ಪಾ, ನಿನ್ನ ಮಷಿನ್ ಬರೂತನಕ ಕೂಸು ಹೊಟ್ಟ್ಯಾಗ ತಡೀತೈತೇನು?”

“ಇಂಥಾದ್ದಕ್ಕೆಲ್ಲ ಅವಸರ ಮಾಡಬಾರದವಾ” ಎಂದ ಕಾಕಾ.

ಚಿಗವ್ವ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಬಿಸಿಲಿಗೆ ಗಂಟು ಬಿಚ್ಚಿ ಒಣಗಿಸುವುದು, ಮತ್ತೆ ಕಟ್ಟುವುದು. ಒಮ್ಮೆ ಚೌಕಟ್ಟಿನ ಮೇಲೆ ಮೆಣಸಿನಕಾಯಿ ಒಣಹಾಕಿದಳು. ಆ ಚೌಕಟ್ಟು ಮನುಷ್ಯರ ಉಪಯೋಗಕ್ಕೆ ಬಂದದ್ದು ಅದೊಂದೇ ದಿನ. ಬರಬರುತ್ತ ಅವಳು ಅದಕ್ಕೆ ಹಣೆ ಬಡಿಸಿಕೊಳ್ಳತೊಡಗಿದಳು. ಕಾಕಾ ನಗುತ್ತಿದ್ದ: “ನೋಡಿ ನಡೀ! ನಿನ್ನ ಹಣಿಗಿಂತ ನನ್ನ ಚೌಕಟ್ಟ ಗಟ್ಟಿ ಐತಿ.” ನಾವೂ ನಗುತ್ತಿದ್ದೆವು.

ಮಗಳು ಮೂರನೆಯ ಸಲ ಬಸುರಾದಾಗ ಕಾಕಾ ನಿವೃತ್ತನಾಗಿದ್ದ. ಏನನ್ನಿಸಿತೋ, ಬಾಗಲಕೋಟೆಯ ಅದೇ ಅಂಗಡಿಗೆ ಹೋಗಿ, ಮೊದಲ ದಿನ ನೋಡಿದಂಥದೇ ಕೈಮಷಿನ್ನಿನ ಮುಂದೆ ನಿಂತ. ಜೊತೆಗೆ ನಾನಿದ್ದೆ, ಹೆಗಲ ಮೇಲೆ ಕೌದಿ ಇರಲಿಲ್ಲ. ತಲೆ ನರೆತ ಅಂಗಡಿಯವ ಗುರುತು ಹಿಡಿದ.

“ಏನ್ರಿ ಯಜಮಾನ್ರ, ಈಗ ಬಗಲು ಬೆಳದೈತೇನ್ರಿ?”

“ಕೌದಿ ಸಣ್ಣದೈತಿ. ಕೂಸಿಂದು.”

“ಕೂಸಿಂದಾ? ಹಂಗಾರ ಅವತ್ತೇ ಒಯ್ಯಬಹುದಿತ್ತಲ್ರಿ!”

ಇಳಕಲ್ ಬರುವವರೆಗೂ ಕಾಕಾ ಬಸ್ಸಿನ ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.

ಮಷಿನ್ನಿಗೆ ಅರಿಶಿನ ಕುಂಕುಮವಾಯಿತು. ಚಿಗವ್ವ ಗಂಟು ಬಿಚ್ಚಿದಳು. ಸೀರೆ ಮಡಿಕೆ ಮಡಿಕೆಗೆ ಸೀಳಿತ್ತು. ಅವಳು ಮಷಿನ್ನಿನ ಮುಂದೆ ಕೂತು, ಕಬ್ಬಿಣವನ್ನು ಅಲ್ಲಿ ಇಲ್ಲಿ ಸವರಿ, ಮೆಲ್ಲಗೆ ಕೇಳಿದಳು:

“ಏನ್ರಿ, ಇದರ ಸೂಜಿ ಎಲ್ಲೈತ್ರಿ?”

ಸೂಜಿ ಅವಳ ಮೂಗಿನ ಮುಂದೆಯೇ ಇತ್ತು. ಅವಳು ಹಣೆ ಬಡಿಸಿಕೊಳ್ಳುತ್ತಿದ್ದದ್ದು ಯಾಕೆಂದು ಆ ಮನೆಯ ವಿಚಾರವಂತರಿಗೆಲ್ಲ ಆಗ ಹೊಳೆಯಿತು. ಕಾಕಾ ಕುಂಕುಮದ ಬಟ್ಟಲು ಹಿಡಿದು ನಿಂತೇ ಇದ್ದ.

ಕೆಲವು ದಿನ ಬಿಟ್ಟು ಹೋದೆ. ಎಂದಿನಂತೆ ಬಾಗಿ ಒಳಗೆ ಕಾಲಿಟ್ಟವನು ಮುಗ್ಗರಿಸಿದೆ: ಚೌಕಟ್ಟು ಇರಲಿಲ್ಲ. ಪಡಸಾಲೆಯ ನಡುವೆ ಕಾಕಾ ಕನ್ನಡಕವೇರಿಸಿ ನೆಲದ ಮೇಲೆ ಕೂತಿದ್ದ. ತೊಡೆಯ ಮೇಲೆ ಆ ಸೀರೆಯ ತುಂಡುಗಳು, ಕೈಯಲ್ಲಿ ಸೂಜಿ, ಸೂಜಿ ಚುಚ್ಚಿದ ಬೆರಳ ತುದಿಗಳಿಗೆ ಸುತ್ತಿದ ಬಟ್ಟೆಯ ಚಿಂದಿ. ಮಷಿನ್ನಿಗೆ ಆ ಮುದಿ ಸೀರೆ ತಡೆಯಲಿಲ್ಲವಂತೆ. ಚಿಗವ್ವ ಅವನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು.

“ಏನ್ರಿ ಇದು, ಜ್ವಾಳದ ಹೊಲದಾಗ ದನ ಹೊಕ್ಕಂಗ ಐತಿ! ಬಿಚ್ಚರಿ.”

ಕಾಕಾ ಬಿಚ್ಚಿದ. ಮತ್ತೆ ಹೊಲಿದ.

ಕೊನೆಯ ಮೂಲೆ ಉಳಿಯಿತು. ಚಿಗವ್ವ ಒಳಗಿನಿಂದ ಗೋಡೆ ಹಿಡಿದುಕೊಂಡು ಒಂದು ತುಂಡು ರೊಟ್ಟಿ ತಂದಳು. ಚೂರು ಮುರಿದು ಕೌದಿಯ ಹೊಟ್ಟೆಗಿಟ್ಟಳು.

“ಮುಂಜಾನಿಂದ ಏನೂ ತಿಂದಿಲ್ಲ ನೀವು. ಕೌದಿ ಹೊಲ್ಯಾವ್ರೂ ಹಸದಿರಬಾರದು. ಬಾಯಿ ತೆಗೀರಿ.”

ಉಳಿದ ರೊಟ್ಟಿ ಹಿಡಿದ ಆ ಕೈ ಮೊದಲು ಕನ್ನಡಕಕ್ಕೆ ತಾಗಿತು, ಆಮೇಲೆ ಮೂಗಿಗೆ. ಕಾಕಾ ಆ ಕೈ ಹಿಡಿದು ದಾರಿ ತೋರಿಸಲಿಲ್ಲ. ಬಾಯಿ ತೆರೆದುಕೊಂಡು, ಅದು ಬರುವವರೆಗೂ ಕಾದ.