ಏಸಿಗೆ ಸುತ್ತಿದ ಬಿಳಿ ಟೇಪು

ಆ ಮನೆಯಲ್ಲಿ ಮಾತೊಂದು ಬಿಟ್ಟು ಬೇರೇನೂ ಸೋರುವುದಿಲ್ಲ ಅಂತ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಯಜಮಾನ ಜೀವಮಾನವೆಲ್ಲ ನಲ್ಲಿ, ಪೈಪು ಅಂತ ದುಡಿದವನು. ತಿರುಪು ಕಂಡಲ್ಲೆಲ್ಲ ಸೋರದಂತೆ ಬಿಳಿ ಟೇಪು ಸುತ್ತದಿದ್ದರೆ ಅವನಿಗೆ ಅನ್ನ ಸೇರದು.

ಹೀಗಿರುವಾಗ ಹೆಂಡತಿಯ ಶ್ವಾಸಕೋಶ ಕೈಕೊಟ್ಟಿತು. ಇನ್ನು ಹೆಚ್ಚು ದಿನವಿಲ್ಲ, ಕೋಣೆ ತಣ್ಣಗಿದ್ದರೆ ಉಸಿರಾದರೂ ಸಲೀಸು ಎಂದರು ಡಾಕ್ಟರು.

"ಆಸ್ಪತ್ರೆ ಬೇಡ, ಮಗಳ ಮನೆಯೂ ಬೇಡ. ಸಾಯೋದಾದ್ರೆ ನನ್ನ ಕಿಟಕಿ ಪಕ್ಕಾನೇ," ಎಂದು ಅವಳು ಪಟ್ಟು ಹಿಡಿದಳು. ಏಸಿ ಮೆಕ್ಯಾನಿಕ್ಕಾದ ಅಳಿಯ ತಾನೇ ಬಂದು ಏಸಿ ಕೂರಿಸಿ ಹೋದ.

ಅಳಿಯನ ಕಾರು ತಿರುವು ದಾಟಿತೋ ಇಲ್ಲವೋ, ಯಜಮಾನ ಸ್ಪ್ಯಾನರ್ ಹಿಡಿದು ಹೊರಗಿನ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಯ್ಯಯ್ಯೋ, ನಟ್ಟಿಗೆ ಒಂದೆಳೆ ಟೇಪಿಲ್ಲ ಕಣೇ! ಬರೀ ಬತ್ತಲೆ!"

"ಬತ್ತಲೆಯಾದ್ರೆ ಕಣ್ಣು ಮುಚ್ಚಿಕೊಂಡು ಒಳಗೆ ಬನ್ನಿ. ತಣ್ಣಗಿದೆ, ಅಷ್ಟು ಸಾಕು."

ಕೇಳುವ ಗಂಡಸೇ? ನಟ್ಟು ಸಡಿಲಿಸಿದ. ಬುಸ್ ಎಂದಿತು.

"ಕೇಳಿಸ್ತಾ? ಸೋರ್ತಾ ಇತ್ತು!" (ಸೋರಿಸಿದವನು ತಾನೇ ಎಂದು ಆ ನಲ್ಲಿಶಾಸ್ತ್ರ ಪಾರಂಗತನಿಗೆ ಹೊಳೆಯಲಿಲ್ಲ.) ಟೇಪು ಸುತ್ತಿ, ಮೇಲಿಷ್ಟು ಅಂಟು ಮೆತ್ತಿ, ಹಲ್ಲು ಕಚ್ಚಿ ಬಿಗಿದ. ಕೋಣೆ ಬೆಚ್ಚಗಾಗತೊಡಗಿತು. "ಹೊಸದಲ್ವಾ, ಪಳಗಬೇಕು," ಎನ್ನುತ್ತ ಓಡಿಸಿಯೇ ಓಡಿಸಿದ. ಅತ್ತ ಅವಳಿಗೆ ಏದುಸಿರು ಹತ್ತಿತು, ಇತ್ತ ಯಂತ್ರ ಗೊರ್ ಎಂದು ನಿಂತೇಹೋಯಿತು.

ಅಳಿಯ ಓಡಿಬಂದು ನಟ್ಟು ಬಿಚ್ಚಿದವನೇ ತಲೆ ಮೇಲೆ ಕೈ ಹೊತ್ತ.

"ಮಾವ, ಇದು ನೀರಿನ ಪೈಪಲ್ಲ. ತಾಮ್ರದ ಕೊಳವೆಯ ಬಾಯಿ ಅಗಲಿಸಿರ್ತೀವಿ, ಅದು ಹಿತ್ತಾಳೆ ಮೂತಿಗೆ ಕಚ್ಚಿ ಕೂತ್ರೇನೇ ಗ್ಯಾಸ್ ನಿಲ್ಲೋದು. ತಿರುಪು ಇರೋದು ಬರೀ ಒತ್ತಿ ಹಿಡಿಯೋಕೆ. ಟೇಪು ಸುತ್ತಿದ್ರೆ ನಟ್ಟು ಬಿಗಿಯಾದ ಹಾಗೆ ಕಾಣುತ್ತೆ, ಒಳಗೆ ಬಾಯಿ ಕೂತೇ ಇರಲ್ಲ. ಗ್ಯಾಸೆಲ್ಲ ಹೋಗಿ ಕಂಪ್ರೆಸರ್ ಸುಟ್ಟಿದೆ."

"ಇನ್ನೊಂದು ತರಿಸೋಣ..."

"ತರಿಸೋಣ. ಅಲ್ಲಿವರೆಗೆ ಅತ್ತೆ ಉಸಿರಾಡ್ಬೇಕಲ್ಲ? ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

ಯಜಮಾನ ಟೇಪಿನ ಸುರುಳಿಯನ್ನು ಜೇಬಿಗೆ ತುರುಕಿದ.

ಆ ಹೊಸ್ತಿಲನ್ನು ಅವಳು ದಾಟಿದ್ದು ಅದೇ ಕೊನೆ. ಅಳಿಯನ ಹೆಗಲು ಹಿಡಿದು ಒಂದು ಗಳಿಗೆ ನಿಂತಳು.

"ಹೋಗ್ತೀನಿ."

"ಹಾಗನ್ನಬಾರದು ಕಣೇ. ಹೋಗಿ ಬರ್ತೀನಿ ಅನ್ನು."

"ಬರ್ತೀನಿ ಅಂದ್ರೆ ನೀವು ಸುಮ್ನಿರ್ತೀರಾ? ರಿಪೇರಿಗೆ ಕೂತ್ಬಿಡ್ತೀರಿ."

ನಗಲು ಹೋಗಿ ಕೆಮ್ಮಿದಳು. ಕಾರಿನೊಳಗೆ ತಣ್ಣಗಿತ್ತು. ಅವನು ಏನೋ ಹೇಳಲೆಂದು ಕಿಟಕಿಗೆ ಬಗ್ಗಿದ. ತಂಪು ಹೊರಗೆ ಹೋಗದಿರಲಿ ಎಂದು ಅಳಿಯ ಗಾಜು ಏರಿಸಿದ.